‘ಶಿಟ್’ ಪದದ ಗೋತ್ರ ಪ್ರವರ

ಬೆಂಗಳೂರಿನ ಯಾವುದಾದರೂ ಅಪಾರ್ಟ್‌ಮೆಂಟಿನಲ್ಲಿ ಹದಿಹರೆಯದ ಹುಡುಗಿಯೊಬ್ಬಳ ಕೈಯಿಂದ ಮೊಬೈಲು ಜಾರಿ ಬೀಳಲಿ, ಅವಳ ಬಾಯಿಂದ ಮೊದಲು ಹೊರಡುವ ಮಾತು ‘ಶಿಟ್!’. ಅಡುಗೆಮನೆಯಲ್ಲಿರುವ ಅಮ್ಮ ತಿರುಗಿಯೂ ನೋಡುವುದಿಲ್ಲ. ‘ಸ್ಕ್ರೀನ್ ಒಡೀತೇನೇ?’ ಎಂದಷ್ಟೇ ಕೇಳುತ್ತಾರೆ. ಅದೇ ಹುಡುಗಿ ಅದೇ ಅರ್ಥದ ಅಚ್ಚಗನ್ನಡ ಪದವನ್ನು, ಅಂದರೆ ‘ಹೇಲು’ ಎಂಬುದನ್ನು, ಅಷ್ಟೇ ಜೋರಾಗಿ ಕೂಗಿದ್ದರೆ ಮನೆಯಲ್ಲಿ ರಾದ್ಧಾಂತವೇ ಆಗುತ್ತಿತ್ತು. ಅಜ್ಜಿ ಸೀರಿಯಲ್ ನೋಡುವುದನ್ನೂ ಬಿಟ್ಟು ‘ಯಾವ ಬೀದೀಲಿ ಕಲಿತು ಬಂದ್ಯೇ ಇದನ್ನ?’ ಎಂದು ಗದರುತ್ತಿದ್ದರು. ಪದ ಎರಡು, ಪದಾರ್ಥ ಒಂದೇ.

ಪರಭಾಷೆಯ ಬೈಗುಳಕ್ಕೆ ತೂಕ ಕಡಿಮೆ ಎಂಬುದನ್ನು ಪ್ರಯೋಗ ಮಾಡಿಯೂ ನೋಡಿದ್ದಾರೆ. ಅಮೆರಿಕದ ಬೋಸ್ಟನ್ ವಿಶ್ವವಿದ್ಯಾಲಯದ ಕ್ಯಾಥರೀನ್ ಹ್ಯಾರಿಸ್ ಮತ್ತು ಸಂಗಡಿಗರು ಟರ್ಕಿಶ್ ಮನೆಮಾತಿನ, ಇಂಗ್ಲಿಷನ್ನೂ ಬಲ್ಲ ಜನರನ್ನು ಕೂರಿಸಿ, ಬೆರಳಿಗೆ ಸಂವೇದಕ ಕಟ್ಟಿ, ಎರಡೂ ಭಾಷೆಗಳ ನಿಷಿದ್ಧ ಪದಗಳನ್ನೂ ಗದರಿಕೆಯ ಮಾತುಗಳನ್ನೂ ಕೊಟ್ಟು ಚರ್ಮ ಎಷ್ಟು ಬೆವರುತ್ತದೆಂದು ಅಳೆದರು. ಮನೆಮಾತಿನ ಪದಗಳಿಗೆ ಚರ್ಮ ಹೆಚ್ಚು ಸ್ಪಂದಿಸಿತು. ಆ ವರದಿ ಪ್ರಕಟವಾದದ್ದು 2003ರಲ್ಲಿ. ಅಂದರೆ ನಮ್ಮ ಹುಡುಗಿಯೂ ಅವಳ ಅಮ್ಮನೂ ‘ಶಿಟ್’ ಪದವನ್ನು ಕೇಳಿದ್ದಾರೆ, ಆಡಿದ್ದಾರೆ, ಆದರೆ ಅದು ಅವರ ಚರ್ಮದ ಒಳಕ್ಕೆ ಇಳಿದಿಲ್ಲ.

ಹೀಗೆ ಚರ್ಮಕ್ಕೆ ತಾಗದ ಪದದ ಪೂರ್ವಾಪರ ಕೇಳುವವರೂ ಕಡಿಮೆ. ಕೇಳಿದವರಿಗೆ ಸಿಗುವುದು ವಾಟ್ಸ್‌ಆ್ಯಪ್ ಪುರಾಣ. ಅದು ಹೀಗಿದೆ: ಹಿಂದೆ ಹಡಗುಗಳಲ್ಲಿ ಒಣಗಿದ ಗೊಬ್ಬರದ ಮೂಟೆಗಳನ್ನು ಸಾಗಿಸುತ್ತಿದ್ದರಂತೆ. ತಳದಲ್ಲಿಟ್ಟ ಮೂಟೆಗೆ ಸಮುದ್ರದ ನೀರು ತಾಗಿ, ಗೊಬ್ಬರ ಕೊಳೆತು, ಮೀಥೇನ್ ಅನಿಲ ತುಂಬಿಕೊಳ್ಳುತ್ತಿತ್ತಂತೆ. ರಾತ್ರಿ ಹೊತ್ತು ಯಾರೋ ಲಾಂದ್ರ ಹಿಡಿದು ಕೆಳಗಿಳಿದರೆ ಢಮಾರ್! ಇಂಥ ಅವಘಡ ತಪ್ಪಿಸಲು ಮೂಟೆಗಳ ಮೇಲೆ ‘ಶಿಪ್ ಹೈ ಇನ್ ಟ್ರಾನ್ಸಿಟ್’ ಎಂದು, ಅಂದರೆ ಎತ್ತರದಲ್ಲಿಟ್ಟು ಸಾಗಿಸಿ ಎಂದು ಬರೆಯತೊಡಗಿದರಂತೆ. ಆ ನಾಲ್ಕು ಪದಗಳ ಮೊದಲಕ್ಷರ ಕೂಡಿದರೆ ನಮ್ಮ ಕಥಾನಾಯಕ.

ಕತೆ ಸೊಗಸಾಗಿದೆ, ಸಂಪೂರ್ಣ ಸುಳ್ಳೂ ಹೌದು. ಮೊದಲಕ್ಷರಗಳನ್ನು ಪೋಣಿಸಿ ಪದ ಹುಟ್ಟಿಸುವ ಚಾಳಿ ಇಂಗ್ಲಿಷಿಗೆ ಜೋರಾಗಿ ಅಂಟಿಕೊಂಡದ್ದು 20ನೇ ಶತಮಾನದಲ್ಲಿ, ಮಹಾಯುದ್ಧಗಳ ಕಾಲದಲ್ಲಿ. ರಾಡಾರ್ ಅಂಥ ಪದ. ಇಂಗ್ಲಿಷಿನ ಇನ್ನೊಂದು ಪ್ರಖ್ಯಾತ ಬೈಗುಳಕ್ಕೂ, ‘ಎಫ್’ನಿಂದ ಶುರುವಾಗುವ ಆ ಪದಕ್ಕೂ, ರಾಜನ ಅಪ್ಪಣೆ ಪಡೆದು ಕೂಡುವುದು ಎಂಬರ್ಥದ ಇಂಥದೇ ಕಟ್ಟುಕತೆ ಇದೆ. ಪದವೊಂದರ ಮೂಲವನ್ನು ಹೇಳುವ ಕತೆ ಅಷ್ಟು ಅಚ್ಚುಕಟ್ಟಾಗಿದ್ದರೆ ಅದನ್ನು ಅನುಮಾನಿಸುವುದೇ ಕ್ಷೇಮ.

ನಿಜಸಂಗತಿ ಏನೆಂದರೆ, ಹಡಗಿನ ಕತೆಗೆ ಎಷ್ಟೋ ಶತಮಾನ ಮೊದಲೇ ಈ ಪದ ಇಂಗ್ಲೆಂಡಿನ ಹಟ್ಟಿ, ಕೊಟ್ಟಿಗೆಗಳಲ್ಲಿ ಓಡಾಡಿಕೊಂಡಿತ್ತು. ಸಾವಿರ ವರ್ಷದ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ‘ಶಿಟ್ಟೆ’ ಎಂದರೆ ಭೇದಿ. ದನಕರುಗಳಿಗೆ ಹೊಟ್ಟೆ ಕೆಟ್ಟರೆ ಬಳಸುತ್ತಿದ್ದ ಪದ. ಅದನ್ನು ಹೇಳಿದವನ ಕಿವಿ ಯಾರೂ ಹಿಂಡುತ್ತಿರಲಿಲ್ಲ. ಊರುಗಳ ಹೆಸರಲ್ಲೂ ಅದು ನಿರಾತಂಕವಾಗಿ ಕೂತಿತ್ತು. ದಕ್ಷಿಣ ಇಂಗ್ಲೆಂಡಿನ ಡಾರ್ಸೆಟ್ ಸೀಮೆಯಲ್ಲಿ ಶಿಟರ್ಟನ್ ಎಂಬ ಪುಟ್ಟ ಹಳ್ಳಿಯಿದೆ. ಕೊಳಚೆ ಹರಿಯುವ ತೊರೆಯ ಪಕ್ಕದ ಹಟ್ಟಿ ಎಂಬುದು ಹೆಸರಿನ ಅರ್ಥ. 1086ರಲ್ಲಿ ವಿಲಿಯಂ ದೊರೆ ಇಡೀ ದೇಶದ ಜಮೀನಿನ ಲೆಕ್ಕ ಬರೆಸಿದ ಡೂಮ್ಸ್‌ಡೇ ಕಡತದಲ್ಲೇ ಈ ಊರಿದೆ. ವಿಕ್ಟೋರಿಯಾ ರಾಣಿಯ ಕಾಲದ ಮಡಿವಂತರು ಅದನ್ನು ‘ಸಿಟರ್ಟನ್’ ಎಂದು ತಿದ್ದಲು ಹೋದರು, ಅದು ನಿಲ್ಲಲಿಲ್ಲ. ಊರಿನವರಿಗೆ ನಿಜವಾದ ತಲೆನೋವು ತಂದವರು ನಾಮಫಲಕ ಕದಿಯುವ ತುಂಟರು. ಎಷ್ಟು ಸಲ ನೆಟ್ಟರೂ ಕಿತ್ತುಕೊಂಡು ಹೋಗುತ್ತಿದ್ದರು. ಕೊನೆಗೆ 2010ರಲ್ಲಿ ಊರವರೆಲ್ಲ ಚಂದಾ ಎತ್ತಿ ಒಂದೂವರೆ ಟನ್ ತೂಕದ ಪರ್ಬೆಕ್ ಕಲ್ಲಿನ ಬಂಡೆ ತರಿಸಿ, ಅದರ ಮೇಲೆ ಊರಿನ ಹೆಸರು ಕೆತ್ತಿಸಿ, ಕ್ರೇನಿನಲ್ಲಿ ಇಳಿಸಿ ನಿಲ್ಲಿಸಿದರು. ಹೆಸರು ಬದಲಾಯಿಸಬೇಕೆಂದು ಅವರಿಗೆ ಅನ್ನಿಸಲೇ ಇಲ್ಲ ನೋಡಿ, ಅದು ನನಗೆ ಬಹಳ ಹಿಡಿಸಿತು. ಲಂಡನ್ನಿನವರು ಅಷ್ಟು ಗಟ್ಟಿಗರಲ್ಲ. 13ನೇ ಶತಮಾನದ ದಾಖಲೆಗಳಲ್ಲಿ ನೇರವಾಗಿ ಈ ಪದವನ್ನೇ ಹೊತ್ತಿದ್ದ, ಕಕ್ಕಸಿನ ಓಣಿ ಎಂಬರ್ಥದ ಬೀದಿಯೊಂದು ಕಾಲಕ್ರಮದಲ್ಲಿ ಸಭ್ಯವಾಗಿ ಶೆರ್ಬೋರ್ನ್ ಲೇನ್ ಆಗಿಬಿಟ್ಟಿತು.

ಇಂಗ್ಲೆಂಡಿನಿಂದ ಹಿಂದಕ್ಕೆ ಹೋದರೆ ಜರ್ಮನರ ‘ಶೈಸೆ’, ಸ್ವೀಡನ್ನಿನ ‘ಶೀತ’, ಐಸ್‌ಲ್ಯಾಂಡಿನ ‘ಸ್ಕೀತ’ ಎಲ್ಲ ಒಂದೇ ಒಲೆಯ ಅಡುಗೆ ಎಂಬುದು ಗೊತ್ತಾಗುತ್ತದೆ. ಇನ್ನೂ ಹಿಂದಕ್ಕೆ, ಸುಮಾರು ಐದಾರು ಸಾವಿರ ವರ್ಷ ಹಿಂದಕ್ಕೆ ಹೋದರೆ ಮೂಲ ಇಂಡೋ–ಯುರೋಪಿಯನ್ ಭಾಷೆ ಸಿಗುತ್ತದೆ. ಅದರ ಬರಹ ಒಂದಕ್ಷರವೂ ಉಳಿದಿಲ್ಲ. ಸಂಸ್ಕೃತ, ಗ್ರೀಕ್, ಲ್ಯಾಟಿನ್, ಜರ್ಮನ್ ಮುಂತಾದ ಮಕ್ಕಳ ಮುಖ ನೋಡಿ ತಾಯಿಯ ಚಹರೆಯನ್ನು ವಿದ್ವಾಂಸರು ಊಹಿಸಿ ಕಟ್ಟಿದ್ದಾರೆ. ಆ ಊಹೆಯ ಪ್ರಕಾರ ನಮ್ಮ ಪದದ ಧಾತು ‘ಸ್ಕೇಯ್’, ಅದರ ಬೆಳೆದ ರೂಪ ‘ಸ್ಕೇಯ್ದ್’. ಅರ್ಥ: ಕತ್ತರಿಸು, ಸೀಳು, ಬೇರ್ಪಡಿಸು.

ಸಂಸ್ಕೃತದಲ್ಲಿ ಈ ಧಾತು ‘ಛಿದ್’ ಆಗಿ ಉಳಿದುಕೊಂಡಿದೆ. ಛಿದ್ರ, ಛೇದ, ವಿಚ್ಛೇದನಗಳ ‘ಛಿದ್’.

ನಂಬಿಕೆ ಬಾರದಿದ್ದರೆ ಧ್ವನಿಗಳ ಲೆಕ್ಕಾಚಾರ ನೋಡಬಹುದು. ಮೂಲದ ‘ಸ್ಕ’ ಎಂಬ ಒತ್ತಕ್ಷರ ಸಂಸ್ಕೃತದಲ್ಲಿ ‘ಇ’, ‘ಎ’ಗಳಂಥ ಸ್ವರಗಳಿಗೆ ಮೊದಲು ಬಂದಾಗ ‘ಛ’ ಆಗುತ್ತದೆ. ಗ್ರೀಕರು ನೆರಳಿಗೆ ‘ಸ್ಕಿಯ’ ಅನ್ನುತ್ತಾರೆ, ನಾವು ‘ಛಾಯೆ’ ಅನ್ನುತ್ತೇವೆ. ಇಂಗ್ಲಿಷಿನಲ್ಲಿ ಅದೇ ‘ಸ್ಕ’ ಕರಗಿ ‘ಶ’ ಆಯಿತು. ಉತ್ತರದ ವೈಕಿಂಗರು ತಮ್ಮ ‘ಸ್ಕ’ವನ್ನು ಉಳಿಸಿಕೊಂಡರು. ಹಾಗಾಗಿಯೇ ಇಂಗ್ಲಿಷಿನಲ್ಲಿ ಮನೆಯ ‘ಶರ್ಟ್’ ಒಂದು, ವೈಕಿಂಗರಿಂದ ಬಂದ ‘ಸ್ಕರ್ಟ್’ ಇನ್ನೊಂದು, ಎರಡೂ ಮೂಲತಃ ಒಂದೇ ಪದ. ಇನ್ನು ಕೊನೆಯ ವ್ಯಂಜನ. ಸಂಸ್ಕೃತದಲ್ಲಿ ‘ದ’ ಇದ್ದಲ್ಲಿ ಇಂಗ್ಲಿಷಿನಲ್ಲಿ ‘ಟ’ ಇರುತ್ತದೆ ಎಂದು, ಕಿನ್ನರ ಕತೆಗಳನ್ನು ತಮ್ಮನೊಡನೆ ಸಂಗ್ರಹಿಸಿದ ಅದೇ ಯಾಕೋಬ್ ಗ್ರಿಮ್ 1822ರಲ್ಲಿ ಸೂತ್ರ ಕಟ್ಟಿದ. ದಶ–ಟೆನ್, ದ್ವಿ–ಟೂ, ದಂತ–ಟೂತ್, ಪಾದ–ಫುಟ್, ಹೃದಯ–ಹಾರ್ಟ್, ಸ್ವೇದ–ಸ್ವೆಟ್. ಪಟ್ಟಿ ಎಷ್ಟಾದರೂ ಉದ್ದವಾಗುತ್ತದೆ. ಆರಂಭದ ‘ಛ’ ಇದ್ದಲ್ಲಿ ‘ಶ’ ಇಡಿ, ಕೊನೆಯ ‘ದ’ ಇದ್ದಲ್ಲಿ ‘ಟ’ ಇಡಿ. ಛಿದ್ ಏನಾಯಿತೆಂದು ಬಿಡಿಸಿ ಹೇಳಬೇಕಿಲ್ಲ.

ಇದೇ ಸೂತ್ರದಿಂದ ಇನ್ನೊಂದು ಅಪಾನ ರಹಸ್ಯವೂ ಬಯಲಾಗುತ್ತದೆ. ಪಾಣಿನಿಯ ವ್ಯಾಕರಣದ ಜೊತೆ ಓದುವ ಧಾತುಪಾಠದಲ್ಲಿ ‘ಪರ್ದ್’ ಎಂಬ ಧಾತುವಿದೆ. ಅಸಹ್ಯವಾದ ಶಬ್ದ ಎಂದು ಅದಕ್ಕೆ ಅರ್ಥ ಕೊಟ್ಟಿದ್ದಾರೆ. ಪಾದ ಫುಟ್ ಆಗುವ ಹಾಗೆ ‘ಪ’ವನ್ನು ‘ಫ’ ಮಾಡಿ, ‘ದ’ವನ್ನು ‘ಟ’ ಮಾಡಿದರೆ ಇಂಗ್ಲಿಷಿನ ‘ಫಾರ್ಟ್’ ಕೈಗೆ ಸಿಗುತ್ತದೆ. ನಮ್ಮ ವೈಯಾಕರಣರು ಇದಕ್ಕೆಲ್ಲ ಮುಖ ಸಿಂಡರಿಸಿದವರಲ್ಲ. ಮಲವಿಸರ್ಜನೆಗೆ ‘ಹದ್’ ಎಂಬ ಧಾತುವನ್ನೂ ಅದೇ ಪಾಠದಲ್ಲಿ ಸೇರಿಸಿ, ಮಿಕ್ಕ ಧಾತುಗಳಂತೆಯೇ ಗಣ, ಪದ ನಿರ್ಣಯ ಮಾಡಿ ಮುಂದೆ ಹೋಗಿದ್ದಾರೆ.

ಕತ್ತರಿಸುವುದಕ್ಕೂ ಕಕ್ಕಕ್ಕೂ ಏನು ಸಂಬಂಧ? ದೇಹದಿಂದ ಬೇರ್ಪಟ್ಟದ್ದು, ಕಳಚಿಕೊಂಡದ್ದು ಎಂಬ ಭಾವ ಇದರ ಹಿಂದಿದೆ ಎನ್ನುತ್ತಾರೆ ಭಾಷಾಶಾಸ್ತ್ರಜ್ಞರು. ಕನ್ನಡ ಓದುಗರಿಗೆ ಇದನ್ನು ಒಪ್ಪಿಸಲು ಗ್ರೀಕ್, ಲ್ಯಾಟಿನ್ ತನಕ ಹೋಗಬೇಕಿಲ್ಲ, ಮೆಡಿಕಲ್ ಶಾಪಿನವರೆಗೆ ಹೋದರೆ ಸಾಕು. ‘ಮಗೂಗೆ ನಿನ್ನೆಯಿಂದ ಭೇದಿ, ಏನಾದ್ರೂ ಕೊಡಿ’ ಅನ್ನುತ್ತೇವಲ್ಲ, ಆ ಭೇದಿ ಬಂದದ್ದು ‘ಭಿದ್’ ಧಾತುವಿನಿಂದ. ಭಿದ್ ಎಂದರೆ ಸೀಳು, ಒಡೆ. ಭೇದ, ವಿಭೇದ, ಅಭೇದ್ಯ ಕೋಟೆಗಳೆಲ್ಲ ಅಲ್ಲಿಯವೇ. ಸೀಳುವ ಅರ್ಥದ ಧಾತುವೊಂದು ಹೊಟ್ಟೆ ಕೆಡುವ ಹೆಸರಾದ ದಾರಿಯನ್ನು ಸಂಸ್ಕೃತವೂ ತುಳಿಯಿತು, ಹಳೆಯ ಇಂಗ್ಲಿಷೂ ತುಳಿಯಿತು. ಒಂದನ್ನು ಇನ್ನೊಂದು ನೋಡಿ ಮಾಡಿದ್ದಲ್ಲ. ಅಲ್ಲಿಯ ಶಿಟ್ಟೆಗೂ ಮೊದಲು ಇದ್ದ ಅರ್ಥ ಭೇದಿಯೇ ಎಂಬುದನ್ನು ಮರೆಯಬಾರದು. ಅಂದಹಾಗೆ, ಭಿದ್ ಧಾತುವಿನ ಇಂಗ್ಲಿಷ್ ದಾಯಾದಿ ‘ಬೈಟ್’, ಕಚ್ಚು. ಅಲ್ಲೂ ‘ದ’ ಹೋಗಿ ‘ಟ’.

ಲ್ಯಾಟಿನ್ನಿನವರೂ ಇದೇ ದಾರಿ ಹಿಡಿದವರು. ಅವರ ‘ಎಕ್ಸ್‌ಕ್ರಿಮೆಂಟ್’ ಪದದ ಒಳಗಿರುವುದು ಜರಡಿ ಹಿಡಿದು ಹೊರಹಾಕುವ ಕ್ರಿಯೆ. ಬೇಕಾದದ್ದು ಒಳಗೆ ಉಳಿಯಿತು, ಬೇಡದ್ದು ಹೊರಬಿತ್ತು. ಅದೇ ಕ್ರಿಯಾಪದದಿಂದ ಬದಿಗೆ ಸರಿಸಿಟ್ಟದ್ದು ಎಂಬರ್ಥದಲ್ಲಿ ‘ಸೀಕ್ರೆಟ್’ ಹುಟ್ಟಿತು, ಗುಟ್ಟು ಕಾಯುವವನು ಸೆಕ್ರೆಟರಿಯಾದ. ನಮ್ಮ ವಿಧಾನಸೌಧದ ಕಾರ್ಯದರ್ಶಿಗಳು ಬೇಸರ ಮಾಡಿಕೊಳ್ಳಬಾರದು.

‘ಸ್ಕೇಯ್’ ಧಾತುವಿನ ವಂಶವೃಕ್ಷದ ಮಿಕ್ಕ ಕೊಂಬೆಗಳು ಇನ್ನೂ ಸ್ವಾರಸ್ಯಕರ. ಗ್ರೀಕಿನಲ್ಲಿ ಅದು ಸೀಳುವ ಕ್ರಿಯಾಪದವಾಗಿ, ಚರ್ಚು ಒಡೆದಾಗಿನ ‘ಸ್ಕಿಸಮ್’ ಆಯಿತು, ಮನಸ್ಸು ಒಡೆದಿದೆ ಎಂಬ ಭಾವದಲ್ಲಿ ‘ಸ್ಕಿಜೊಫ್ರೀನಿಯಾ’ ಆಯಿತು. ನಾರ್ವೆಯವರು ಸೀಳಿದ ಮರದ ಹಲಗೆಯನ್ನು ಕಾಲಿಗೆ ಕಟ್ಟಿಕೊಂಡು ಹಿಮದ ಮೇಲೆ ಜಾರಿದರು, ಅದು ‘ಸ್ಕೀ’. ಲ್ಯಾಟಿನ್ನಿನಲ್ಲಿ ಇದೇ ಧಾತುವಿನಿಂದ ‘ತಿಳಿ’ ಎಂಬ ಅರ್ಥದ ಕ್ರಿಯಾಪದ ಬಂತು ಎಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಒಂದನ್ನು ಇನ್ನೊಂದರಿಂದ ಬೇರ್ಪಡಿಸಿ ನೋಡಬಲ್ಲವನೇ ತಿಳಿದವನು ತಾನೆ? ನಮ್ಮ ‘ವಿವೇಕ’ವೂ ಹೀಗೆಯೇ, ‘ವಿಚ್’ ಎಂಬ ಬೇರ್ಪಡಿಸುವ ಧಾತುವಿನಿಂದ ಬಂದದ್ದು. ಲ್ಯಾಟಿನ್ನಿನ ಆ ಕ್ರಿಯಾಪದದ ಕೂಸು ‘ಸೈನ್ಸ್’. ಅಂದರೆ ವಿಜ್ಞಾನವೂ ಶಿಟ್ಟೂ ಒಂದೇ ಗೋತ್ರದವು! ಅದೇ ಕ್ರಿಯಾಪದಕ್ಕೆ ನಿಷೇಧ ಸೇರಿಸಿ ‘ತಿಳಿಯದವನು, ಹೆಡ್ಡ’ ಎಂಬ ಪದ ಮಾಡಿದರು. ಅದು ಫ್ರೆಂಚಿಗೆ ಹೋಗಿ, ಇಂಗ್ಲಿಷಿಗೆ ಬಂದು, ನೂರಾರು ವರ್ಷ ಹೊರಳಾಡಿ, ಈಗ ಹೊಗಳಿಕೆಯ ‘ನೈಸ್’ ಆಗಿ ಕೂತಿದೆ. ಬೈಗುಳದ ತಮ್ಮ ಹೊಗಳಿಕೆಯಾದ, ಅಣ್ಣ ಬೈಗುಳವಾಗಿಯೇ ಉಳಿದ.

ಕನ್ನಡದಲ್ಲಿ ಈ ಕುಟುಂಬ ಬಾಳುತ್ತಿರುವ ಗತ್ತನ್ನು ನೋಡಬೇಕು. ಭಿನ್ನರಾಶಿಯ ಗೆರೆಯ ಮೇಲಿನದು ಅಂಶ, ಕೆಳಗಿನದು ಛೇದ. ಕನ್ನಡದಲ್ಲಿ ಸಿಕ್ಕಿರುವ ಅತಿ ಹಳೆಯ ಗ್ರಂಥ, 9ನೇ ಶತಮಾನದ ‘ಕವಿರಾಜಮಾರ್ಗ’, ಮೂರು ಪರಿಚ್ಛೇದಗಳಲ್ಲಿದೆ. ರಾಜ್ಯದ ಕಲ್ಯಾಣ ಕರ್ನಾಟಕ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟದ್ದು ಸಂವಿಧಾನದ 371(ಜೆ) ಅನುಚ್ಛೇದ. ಇನ್ನು ಕೌಟುಂಬಿಕ ನ್ಯಾಯಾಲಯದ ವಿಚ್ಛೇದನವಂತೂ ಮನೆಮಾತು. ಜರ್ಮನ್ನಿನಲ್ಲಿ ವಿಚ್ಛೇದನಕ್ಕೆ ‘ಶೈಡುಂಗ್’ ಅನ್ನುತ್ತಾರೆ. ಅದೂ ಇದೇ ಧಾತು. ಹಾಗಾಗಿ ಜರ್ಮನ್ ದಂಪತಿಗೆ ಶೈಡುಂಗ್ ಮತ್ತು ಶೈಸೆ ಎರಡೂ ಒಂದೇ ತಾಯಿಯ ಮಕ್ಕಳು. ವಿಚ್ಛೇದನದ ಮೊಕದ್ದಮೆಗಳಲ್ಲಿ ವಕಾಲತ್ತು ಹಾಕಿ ನೊಂದ ವಕೀಲರಿಗೆ ಇದರಲ್ಲಿ ಆಶ್ಚರ್ಯ ಕಾಣಲಿಕ್ಕಿಲ್ಲ.

ಧಾತು ಒಂದೇ, ಅರ್ಥವೂ ಮೂಲದಲ್ಲಿ ಒಂದೇ. ಹಾಗಿದ್ದ ಮೇಲೆ ಒಂದು ಸಂವಿಧಾನಕ್ಕೆ ಹೋಗಿ ಇನ್ನೊಂದು ಶೌಚಾಲಯದ ಗೋಡೆಗೆ ಹೋದದ್ದು ಹೇಗೆ?

ಇಂಗ್ಲೆಂಡಿನ ಮಟ್ಟಿಗೆ ಇದಕ್ಕೆ ಉತ್ತರ 1066ರಲ್ಲಿದೆ. ಆ ವರ್ಷ ಫ್ರಾನ್ಸಿನ ಕಡೆಯ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಆಸ್ಥಾನ, ನ್ಯಾಯಾಲಯಗಳಲ್ಲಿ ಫ್ರೆಂಚ್ ಬಂತು, ಚರ್ಚಿನಲ್ಲಿ ಮೊದಲಿನಿಂದಲೂ ಲ್ಯಾಟಿನ್ ಇತ್ತು. ಊರಿನ ಭಾಷೆ ಹೊಲದಲ್ಲಿ, ಕೊಟ್ಟಿಗೆಯಲ್ಲಿ, ಅಡುಗೆಮನೆಯಲ್ಲಿ ಉಳಿಯಿತು. ಆಗಿನಿಂದ ಇಂಗ್ಲಿಷಿನಲ್ಲಿ ದೇಹದ ವ್ಯವಹಾರಗಳಿಗೆ ಎರಡೆರಡು ಪದಗಳ ವ್ಯವಸ್ಥೆ: ಉಳುವವನ ಬಾಯಿಯದು ಒಂದು, ಓದಿದವನ ಬಾಯಿಯದು ಇನ್ನೊಂದು. ಉಳುವವನ ಪದ ಕೂಡಲೇ ಕೊಳಕೇನೂ ಆಗಲಿಲ್ಲ. 14ನೇ ಶತಮಾನದ ಕೊನೆಯಲ್ಲಿ ಚಾಸರ್ ತನ್ನ ‘ಕ್ಯಾಂಟರ್ಬರಿ ಟೇಲ್ಸ್’ ಪೀಠಿಕೆಯಲ್ಲಿ ಭ್ರಷ್ಟ ಪಾದ್ರಿಯನ್ನು ಹಂಗಿಸಲು ಶಿಟ್ ಪದದ ವಿಶೇಷಣ ರೂಪವನ್ನೇ ಬಳಸಿದ. 1508ರ ಹೊತ್ತಿಗೆ ಮನುಷ್ಯನನ್ನೇ ಆ ಹೆಸರಿನಿಂದ ಜರೆಯುವುದು ಬರವಣಿಗೆಯಲ್ಲಿ ಕಾಣುತ್ತದೆ. 1611ರ ಕಿಂಗ್ ಜೇಮ್ಸ್ ಬೈಬಲ್ಲಿನಲ್ಲಿ ಈ ಪದವಿಲ್ಲ, ಆದರೆ ಉಚ್ಚೆಯ ಇಂಗ್ಲಿಷ್ ನಾಡಪದ ಇದೆ, ಚರ್ಚಿನಲ್ಲಿ ಗಟ್ಟಿಯಾಗಿ ಓದುವ ಗ್ರಂಥದಲ್ಲಿ. 1833ರಲ್ಲಿ ಅಮೆರಿಕದ ನಿಘಂಟುಕಾರ ನೋವಾ ವೆಬ್‌ಸ್ಟರ್ ಬೈಬಲ್ಲನ್ನು ತಿದ್ದಿ ಪ್ರಕಟಿಸಿದಾಗ ಅಂಥವನ್ನೆಲ್ಲ ಹೆಕ್ಕಿ ತೆಗೆದ. ಎರಡು ಶತಮಾನದಲ್ಲಿ ದೇವರ ಮನೆಗೇ ಮಡಿ ಬಂದಿತ್ತು.

ಆಕ್ಸ್‌ಫರ್ಡಿನ ಮಹಾನಿಘಂಟು 1884ರಿಂದ 1928ರವರೆಗೆ ಕಂತುಕಂತಾಗಿ ಹೊರಬಂತು. ಅದರಲ್ಲಿ ಶಿಟ್ ಪದಕ್ಕೆ ಜಾಗ ಸಿಕ್ಕಿತು, ಈಗ ಸಭ್ಯರ ಬಳಕೆಯಲ್ಲಿಲ್ಲ ಎಂಬ ಟಿಪ್ಪಣಿಯೊಂದಿಗೆ. ‘ಎಫ್’ ಪದಕ್ಕೆ ಆ ಭಾಗ್ಯವೂ ಇಲ್ಲ, ಅದು 1972ರ ಪುರವಣಿ ಸಂಪುಟದವರೆಗೆ ಕಾಯಬೇಕಾಯಿತು. ಅದೇ 1972ರಲ್ಲಿ ಅಮೆರಿಕದ ಹಾಸ್ಯಗಾರ ಜಾರ್ಜ್ ಕಾರ್ಲಿನ್ ಟೀವಿಯಲ್ಲಿ ಎಂದೂ ಆಡಬಾರದ ಏಳು ಪದಗಳೆಂದು ಪಟ್ಟಿ ಓದಿ ಪ್ರಸಿದ್ಧನಾದ. ಪಟ್ಟಿಯ ತಲೆಯಲ್ಲೇ ಶಿಟ್ ಇತ್ತು. ಅಂಥದೇ ಇನ್ನೊಂದು ಪ್ರಹಸನವನ್ನು 1973ರ ಅಕ್ಟೋಬರ್ 30ರ ಮಧ್ಯಾಹ್ನ ನ್ಯೂಯಾರ್ಕಿನ ಡಬ್ಲ್ಯುಬಿಎಐ ರೇಡಿಯೊ ಪ್ರಸಾರ ಮಾಡಿತು. ಮಗನ ಜೊತೆಯಲ್ಲಿದ್ದಾಗ ಅದನ್ನು ಕೇಳಿಸಿಕೊಂಡ ತಂದೆಯೊಬ್ಬ ದೂರು ಬರೆದ. ದೂರು ಬೆಳೆದು ದೇಶದ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. 1978ರಲ್ಲಿ ಐದು ನ್ಯಾಯಮೂರ್ತಿಗಳು ಸರ್ಕಾರಕ್ಕೆ ಇಂಥ ಪ್ರಸಾರವನ್ನು ನಿಯಂತ್ರಿಸುವ ಹಕ್ಕಿದೆ ಎಂದರು, ನಾಲ್ವರು ಇಲ್ಲ ಎಂದರು. ಕೊಟ್ಟಿಗೆಯ ಪದಕ್ಕಾಗಿ ಒಂಬತ್ತು ನ್ಯಾಯಮೂರ್ತಿಗಳು ತಲೆ ಕೆಡಿಸಿಕೊಂಡರು.

ಸಭ್ಯ ಪದಗಳ ಜಾತಕ ತೆಗೆದರೆ ನಗು ಬರುತ್ತದೆ. ವೈದ್ಯರು ಬಳಸುವ ‘ಫೀಸಸ್’ ಮೂಲದಲ್ಲಿ ದ್ರಾಕ್ಷಾರಸದ ಪಾತ್ರೆಯ ತಳದಲ್ಲಿ ನಿಲ್ಲುವ ಗಸಿ. ‘ಡೆಫಿಕೇಟ್’ ಎಂದರೆ ಆ ಗಸಿಯನ್ನು ತೆಗೆದು ತಿಳಿ ಮಾಡುವುದು, ಶುದ್ಧಗೊಳಿಸುವುದು. 16ನೇ ಶತಮಾನದ ಇಂಗ್ಲಿಷಿನಲ್ಲಿ ಅದು ಅದೇ ಅರ್ಥದಲ್ಲಿತ್ತು. ಹೊಟ್ಟೆಯ ಕೆಲಸಕ್ಕೆ ಅದನ್ನು ಹಚ್ಚಿದ್ದು 19ನೇ ಶತಮಾನದಲ್ಲಿ. ನಮ್ಮ ‘ಶೌಚ’ದ ಕತೆ ಇದರದೇ ಪಡಿಯಚ್ಚು. ಶುಚಿಯ ಭಾವ ಶೌಚ. ಯೋಗಶಾಸ್ತ್ರದ ನಿಯಮಗಳಲ್ಲಿ ಮೊದಲನೆಯದು. ಈಗ ಬಸ್ ನಿಲ್ದಾಣದಲ್ಲಿ ಮೂಗು ಹಿಡಿದು ಹುಡುಕುವ ಜಾಗದ ಹೆಸರು ಶುಚಿತ್ವದ ಆಲಯ.

ಕನ್ನಡದಲ್ಲಿ ಲ್ಯಾಟಿನ್ನಿನ ಕೆಲಸ ಮಾಡಿದ್ದು ಸಂಸ್ಕೃತ. ಹೇಲು ದ್ರಾವಿಡ ಪದ. ಹಳಗನ್ನಡದ ಪಾಲು ಹಾಲಾದಂತೆ ‘ಪೇಲ್’ ಹೇಲಾಯಿತು, ತಮಿಳಿನಲ್ಲಿ ಇನ್ನೂ ‘ಪೇಲ್’ ಇದೆ. ಅದಕ್ಕೂ ಶಿಟ್ಟಿಗೂ ಯಾವ ನಂಟೂ ಇಲ್ಲ. ಆದರೆ ಎರಡರ ಹಣೆಬರಹ ಒಂದೇ. ಹೇಲು ಅಸಹ್ಯ, ಮಲ ಸಭ್ಯ. ಉಚ್ಚೆ ಒರಟು, ಮೂತ್ರ ನಯ. ಲ್ಯಾಬಿನ ಚೀಟಿಯಲ್ಲಿ ಮಲಪರೀಕ್ಷೆ ಎಂದು ಬರೆದರೆ ಯಾರಿಗೂ ವಾಂತಿ ಬರುವುದಿಲ್ಲ. ಪದಾರ್ಥ ಬದಲಾಗಿಲ್ಲ, ಆಡುವವರ ಅಂತಸ್ತು ಬದಲಾಗಿದೆ. ಕನ್ನಡದ ನಿಘಂಟು ಕಟ್ಟಿದ ಕಿಟ್ಟೆಲ್ ಪಾದ್ರಿಯಾದರೂ 1894ರಲ್ಲಿ ಹೇಲು ಪದವನ್ನು ಸಂಕ್ಷೇಪ ಮಾಡದೆ, ಚುಕ್ಕಿ ಇಟ್ಟು ಮರೆಮಾಚದೆ ಅಚ್ಚು ಹಾಕಿಸಿದರು. ಅದೇ ದಶಕದಲ್ಲಿ ಆಕ್ಸ್‌ಫರ್ಡಿನವರು ‘ಎಫ್’ ಅಕ್ಷರದ ಸಂಪುಟದಿಂದ ತಮ್ಮ ಪದವನ್ನು ಹೊರಗಿಟ್ಟಿದ್ದರು.

ಸಂಸ್ಕೃತ ಎಂದಮಾತ್ರಕ್ಕೆ ಅದರ ಪದಗಳೆಲ್ಲ ಹುಟ್ಟಾ ಮಡಿವಂತವಲ್ಲ. ಅಮರಕೋಶ ಮಲಕ್ಕೆ ಕೊಡುವ ಹೆಸರುಗಳಲ್ಲಿ ಪುರೀಷ, ಗೂಥ, ವಿಷ್ಠೆಗಳ ಜೊತೆ ‘ಉಚ್ಚಾರ’ವೂ ಇದೆ. ಒಳಗಿನಿಂದ ಹೊರಗೆ ಬಿಡುವುದೆಲ್ಲ ಉಚ್ಚಾರವೇ, ಬಾಯಿಂದಲಾದರೂ ಸರಿ. ವಾರ್ತಾವಾಚಕರಿಗೆ ಉಚ್ಚಾರಶುದ್ಧಿ ಬೋಧಿಸುವವರಿಗೆ ಇದು ತಿಳಿದಿರಲಿ. ಇನ್ನು ನಮ್ಮ ನಾಡಿನ ದಾನಶಾಸನಗಳ ಕೊನೆಯಲ್ಲಿ ಬರುವ ಶಾಪ: ತಾನು ಕೊಟ್ಟದ್ದಾಗಲಿ, ಬೇರೆಯವರು ಕೊಟ್ಟದ್ದಾಗಲಿ, ದಾನದ ಭೂಮಿಯನ್ನು ಕಿತ್ತುಕೊಂಡವನು 60,000 ವರ್ಷ ವಿಷ್ಠೆಯಲ್ಲಿ ಹುಳುವಾಗಿ ಹುಟ್ಟುತ್ತಾನೆ. ದೇವಸ್ಥಾನದ ಅಂಗಳದಲ್ಲಿ, ಕಲ್ಲಿನ ಮೇಲೆ, ರಾಜಮುದ್ರೆಯ ಸಮೇತ ಕೆತ್ತಿಸಿದ ಬೈಗುಳ ಇದು. ಇದರ ಮುಂದೆ ಇಂಗ್ಲಿಷಿನ ಏಕಾಕ್ಷರಿ ಬೈಗುಳ ಸಪ್ಪೆ.

ಪದಾರ್ಥವನ್ನು ಹೆಸರಿಸಲು ಹಿಂಜರಿದ ಮೇಲೆ ಜಾಗವನ್ನು ಹೆಸರಿಸುವುದೂ ಕಷ್ಟವಾಗುತ್ತದೆ. ಬಹಿರ್ದೆಸೆ, ಹೊರಕಡೆ, ಬೈಲಕಡಿ, ಚೊಂಬು ಹಿಡಿದು ಹೋಗುವುದು, ಎರಡಕ್ಕೆ ಹೋಗುವುದು. ಪಾರಸಿಯ ಪಾಯಖಾನೆ, ಉತ್ತರ ಕರ್ನಾಟಕದ ಸಂಡಾಸು. ಆಮೇಲೆ ಲ್ಯಾಟ್ರಿನ್, ಟಾಯ್ಲೆಟ್, ಬಾತ್‌ರೂಮ್, ವಾಶ್‌ರೂಮ್, ರೆಸ್ಟ್‌ರೂಮ್. ಒಂದೊಂದೂ ಹಿಂದಿನದರ ನಾತ ತಾಳಲಾರದೆ ಬಂದದ್ದು, ಕೆಲಕಾಲದಲ್ಲಿ ಅದಕ್ಕೂ ನಾತ ಹತ್ತಿತು. ಈ ಸಾಲಿನಲ್ಲಿ ನನಗೆ ಬಲು ಪ್ರಿಯವಾದದ್ದು ‘ಕಕ್ಕಸು’. ಅಪ್ಪಟ ಕನ್ನಡವೆಂದು ಬಹುಪಾಲು ಜನ ತಿಳಿದಿರುವ ಇದು ಡಚ್ಚರ ‘ಕಾಕ್‌ಹೌಸ್’ ಎಂಬ ಪದದಿಂದ ಬಂದದ್ದು. ‘ಕಾಕ್’ ಎಂದರೆ ಕಕ್ಕ, ಕೊನೆಯ ತುಂಡು ಮನೆ. 1658ರ ಹೊತ್ತಿಗೆ ಸಿಂಹಳದ ಕರಾವಳಿಯನ್ನೂ 1663ರಲ್ಲಿ ಕೊಚ್ಚಿಯನ್ನೂ ಹಿಡಿದ ಡಚ್ ವ್ಯಾಪಾರಿ ಕಂಪನಿ ಮೆಣಸು, ದಾಲ್ಚಿನ್ನಿ ಹೊತ್ತೊಯ್ದು ಈ ಪದವನ್ನು ಬಿಟ್ಟುಹೋಯಿತು. ಸಿಂಹಳದಲ್ಲಿ ಕಕ್ಕುಸ್ಸಿಯ, ತಮಿಳು, ಮಲಯಾಳಗಳಲ್ಲಿ ಕಕ್ಕೂಸ್, ದೂರದ ಇಂಡೊನೇಷ್ಯಾದಲ್ಲಿ ಕಾಕುಸ್. ಆ ‘ಕಾಕ್’ ಕೂಡ ಲ್ಯಾಟಿನ್, ಗ್ರೀಕ್, ರಷ್ಯನ್, ಐರಿಶ್‌ಗಳಲ್ಲೆಲ್ಲ ನೆಂಟರಿರುವ ಹಳೆಯ ಪದ, ಬಹುಶಃ ಮಕ್ಕಳ ತೊದಲಿನಿಂದ ಹುಟ್ಟಿದ್ದು.

ಬಯಲಿಗೆ ಹೋಗುವುದು ನಿಂತು ಮನೆಮನೆಗೆ ಶೌಚಾಲಯ ಬಂದದ್ದು ಒಳ್ಳೆಯದೇ. ಆದರೆ ಬಯಲಿಗೆಂದೇ ಹುಟ್ಟಿದ ಮಾತುಗಳು ಅದರ ಜೊತೆಗೇ ಹೊರಟುಹೋಗುತ್ತಿವೆ. ನಿಮ್ಮ ಸೀಮೆಯಲ್ಲಿ ಹಿರಿಯರು ಏನನ್ನುತ್ತಿದ್ದರು ಎಂದು ಕೇಳಿ ಬರೆದಿಟ್ಟರೆ ನಿಘಂಟುಕಾರರಿಗೆ ಉಪಕಾರವಾಗುತ್ತದೆ.

ಪದಕ್ಕೆ ಅಂಟುವ ಮೈಲಿಗೆ ಧಾತುವಿನಲ್ಲೂ ಇಲ್ಲ, ಅರ್ಥದಲ್ಲೂ ಇಲ್ಲ, ಅದನ್ನು ಯಾರು ಆಡುತ್ತಿದ್ದರು ಎಂಬುದರಲ್ಲಿದೆ ಎಂಬುದಕ್ಕೆ ಕರ್ನಾಟಕದಲ್ಲೇ ಒಂದು ಪುರಾವೆ ಇದೆ. ಹೊಟ್ಟೆಗೆ ಸಂಬಂಧಿಸಿದ್ದಾದರೂ ಅದು ದನದ ಹೊಟ್ಟೆ. 1970ರ ದಶಕದ ಆರಂಭದಲ್ಲಿ ದೇವರಾಜ ಅರಸು ಸಂಪುಟದ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ರಾಜ್ಯದಲ್ಲಿ ನಿಷೇಧಿಸಿದರು. ಸ್ವತಃ ದಲಿತರಾದ ಅವರಿಗೆ ಆ ಕೆಲಸ ಯಾರ ತಲೆಗೆ ಕಟ್ಟಿದ್ದೆಂದು ಯಾರೂ ಹೇಳಿಕೊಡಬೇಕಿರಲಿಲ್ಲ. 1973ರ ನವೆಂಬರಿನಲ್ಲಿ ಮೈಸೂರಿನ ಸಭೆಯೊಂದರಲ್ಲಿ ಅವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಬಹಳ ಇದೆ ಎಂದರು. ಬೂಸಾ ಎಂದರೆ ದನದ ತಿನಿಸು, ಕೊಟ್ಟಿಗೆಯಲ್ಲಿ ದಿನ ಬೆಳಗಾದರೆ ಕಲಸುವಂಥದು, ಯಾವ ನಿಘಂಟಿನಲ್ಲೂ ಅಶ್ಲೀಲವಲ್ಲ. ರಾಜ್ಯದ ತುಂಬ ಗಲಭೆಯಾಯಿತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಬಸವಲಿಂಗಪ್ಪ ಸಚಿವ ಸ್ಥಾನ ಬಿಡಬೇಕಾಯಿತು. ಅವರು ಆ ಮಾತು ಆಡಿದಾಗ, ಆಡಬಾರದ ಏಳು ಪದಗಳು ನ್ಯೂಯಾರ್ಕಿನ ರೇಡಿಯೊದಲ್ಲಿ ಕೇಳಿಬಂದು ಒಂದು ತಿಂಗಳೂ ತುಂಬಿರಲಿಲ್ಲ. ಮನುಷ್ಯರಿಂದ ಮಲ ಎತ್ತಿಸುವುದನ್ನು ನಿಷೇಧಿಸುವ ಕೇಂದ್ರ ಸರ್ಕಾರದ ಕಾಯ್ದೆ ಬಂದದ್ದು 1993ರಲ್ಲಿ, ಬೂಸಾ ಗಲಭೆಯಾಗಿ 20 ವರ್ಷಗಳ ಮೇಲೆ.